ಕಡಿಮೆ ಬಿಟ್ ದರದ ಧ್ವನಿ: ‘ಬೆಳೆ’ ಏಕೆ ‘ಬೆಲೆ’ಯಾಗಿ ಕೇಳಿಸುತ್ತದೆ?

ಕಣದಮೂಲೆ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ಎರಡು ವರ್ಷಗಳಿಂದ ಪರವಾನಗಿ ಪಡೆದ ಡಿಜಿಟಲ್ ವಾಕಿಟಾಕಿಗಳನ್ನು ಬಳಸುತ್ತಿದ್ದೇವೆ. ಹಿಂದಿನ ಅನಲಾಗ್ ಸೆಟ್ಟುಗಳಿಗಿಂತ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಹಿನ್ನೆಲೆಯ ‘ಸುಯ್’ ಸದ್ದು ಇಲ್ಲ, ದೂರುವುದಕ್ಕೆ ಬೇರೇನೂ ಇಲ್ಲ. ಆದರೆ ಮಾತು ಮಾತಿನಂತೆ ಕೇಳಿಸುವುದಿಲ್ಲ. ಯಾರೇ ಮಾತನಾಡಿದರೂ ಮೂಗು ಹಿಡಿದುಕೊಂಡು ತಗಡಿನ ಡಬ್ಬಿಯೊಳಗೆ ಮಾತನಾಡಿದಂತಿರುತ್ತದೆ.

ಕಳೆದ ವಾರ ನಡೆದದ್ದನ್ನು ಹೇಳಿದರೆ ಸಮಸ್ಯೆ ಅರ್ಥವಾದೀತು. ಕಕ್ಕಡದ ಮಳೆ ಸುರಿಯುತ್ತಿತ್ತು. ಕಣದ ಪಕ್ಕದ ಸ್ಟೋರಿನ ಜಿಂಕ್ ಶೀಟಿನ ಕೆಳಗೆ ನಿಂತು, ಮೇಲಿನ ತೋಟದಲ್ಲಿದ್ದ ನನ್ನ ತಮ್ಮನಿಗೆ ‘ಮೆಣಸಿನ ಬೆಳೆ ಹೇಗಿದೆ’ ಎಂದು ಕೇಳಿದೆ. ಅವನು ಗೋಣಿಕೊಪ್ಪದ ವ್ಯಾಪಾರಿ ಹೇಳಿದ ದರವನ್ನು ಒಪ್ಪಿಸಿದ. ನಾನು ಮತ್ತೆ ‘ಬೆಲೆ ಅಲ್ಲ, ಬೆಳೆ’ ಎಂದೆ. ಅವನಿಗೆ ಎರಡೂ ಒಂದೇ ಆಗಿ ಕೇಳಿಸಿದ್ದರಿಂದ, ಅದೇ ದರವನ್ನು ಇನ್ನೂ ಗಟ್ಟಿಯಾಗಿ ಹೇಳಿದ. ನಗುವ ವಿಷಯವೇ ಸರಿ, ಆದರೆ ಆನೆ ಯಾವ ಕಡೆಯಿಂದ ಇಳಿಯುತ್ತಿದೆ ಎಂದು ಕೆಲಸಗಾರರ ಲೈನ್ ಮನೆಯವರಿಗೆ ತಿಳಿಸುವುದೂ ಇದೇ ಸೆಟ್ಟಿನಲ್ಲಿ. ಇದು ಯಂತ್ರದ ದೋಷವೋ, ಬೆಟ್ಟದ ದೋಷವೋ, ನಮ್ಮ ಬಳಕೆಯ ದೋಷವೋ? ಗುಣಮಟ್ಟವನ್ನು ಸುಧಾರಿಸಲು ನಮ್ಮ ಕೈಯಲ್ಲಿ ಏನಾದರೂ ಇದೆಯೇ? ತಿಳಿದವರು ಹೇಳಬೇಕು.

ಹಳೆಯ ಎಕ್ಸ್‌ಚೇಂಜ್, ಮಡಿಕೇರಿ

ದೂರವಾಣಿ ಕೆಲಸದಲ್ಲಿ ಬಹುಕಾಲ ಇದ್ದವನಾಗಿ ಮೊದಲು ಲೆಕ್ಕವನ್ನು ಮುಂದಿಡುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಲೆಕ್ಕ ತಿಳಿಯದೆ ಬೈಯುವುದು ಅನ್ಯಾಯ. ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ನಿಮ್ಮ ಮಾತನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಗೂ 8 ಬಿಟ್ ಕೊಡುತ್ತಿದ್ದೆವು. ಅಂದರೆ ಸೆಕೆಂಡಿಗೆ 64,000 ಬಿಟ್. ನಂತರ ಬಂದ ಜಿಎಸ್‌ಎಂ ಮೊಬೈಲು ಅದನ್ನು 13,000ಕ್ಕೆ ಇಳಿಸಿತು. ನೀವು ಹೇಳುವ ಬಗೆಯ ವಾಕಿಟಾಕಿ ಡಿಎಂಆರ್ ಎಂಬ ಡಿಜಿಟಲ್ ರೇಡಿಯೋ ಪದ್ಧತಿಯದಾಗಿದ್ದರೆ, ಅದರಲ್ಲಿ ಸಾಮಾನ್ಯವಾಗಿ ಇರುವ ಎಎಂಬಿಇ ಬಗೆಯ ಕೋಡೆಕ್ (ಮಾತನ್ನು ಬಿಟ್‌ಗಳಾಗಿ ಹಿಂಡಿ, ಆಚೆ ಬದಿಯಲ್ಲಿ ಮತ್ತೆ ಮಾತಾಗಿಸುವ ಭಾಗ) ಪ್ರತಿ 20 ಮಿಲಿಸೆಕೆಂಡಿನ ಮಾತಿಗೆ 49 ಬಿಟ್ ಮಾತ್ರ ಖರ್ಚು ಮಾಡುತ್ತದೆ. ಸೆಕೆಂಡಿಗೆ 2450. ದಾರಿಯಲ್ಲಿ ಕೆಡುವ ಬಿಟ್‌ಗಳನ್ನು ಸರಿಪಡಿಸಿಕೊಳ್ಳಲು ಅದರ ಜೊತೆಗೆ ಇನ್ನೂ 23 ಬಿಟ್ ರಕ್ಷಣೆ ಇರುತ್ತದೆ.

ನಾವು ಲ್ಯಾಂಡ್‌ಲೈನಿನಲ್ಲಿ ಕೊಡುತ್ತಿದ್ದುದರ ಇಪ್ಪತ್ತಾರನೇ ಒಂದು ಪಾಲಿನಲ್ಲಿ ನಿಮ್ಮ ತಮ್ಮ ನಿಮ್ಮ ದನಿಯನ್ನು ಗುರುತಿಸುತ್ತಾನೆ ಎಂಬುದೇ ನನಗೆ ಈಗಲೂ ಅಚ್ಚರಿಯ ಸಂಗತಿ.

ತಿತಿಮತಿ ಹುಡುಗ

ಹಿರಿಯರೇ, ಒಂದು ಸಂಶಯ. ಮೊಬೈಲಿನಲ್ಲಿ ಇಷ್ಟು ಚೆನ್ನಾಗಿ ಕೇಳಿಸುವಾಗ ವಾಕಿಟಾಕಿಯವರು ಏಕೆ ಇಷ್ಟು ಜಿಪುಣತನ ಮಾಡಬೇಕು? ಇನ್ನೂ ನಾಲ್ಕು ಪಟ್ಟು ಬಿಟ್ ಕೊಟ್ಟರೆ ಮುಗಿಯಿತಲ್ಲ?

ಹಳೆಯ ಎಕ್ಸ್‌ಚೇಂಜ್, ಮಡಿಕೇರಿ

ಕೊಡಲು ಜಾಗವಿಲ್ಲ ತಮ್ಮಾ. ಡಿಎಂಆರ್‌ನಲ್ಲಿ 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲಿನಲ್ಲಿ ಇಬ್ಬರು ಸರದಿಯ ಮೇಲೆ ಮಾತನಾಡುತ್ತಾರೆ, ಒಬ್ಬೊಬ್ಬರಿಗೆ 30 ಮಿಲಿಸೆಕೆಂಡಿನ ಪಾಳಿ. ಇಡೀ ಚಾನೆಲ್ಲಿನ ಒಟ್ಟು ವೇಗವೇ ಸೆಕೆಂಡಿಗೆ 9600 ಬಿಟ್. ಅದರಲ್ಲಿ ಇಬ್ಬರ ಮಾತು, ರಕ್ಷಣೆ, ಎರಡೂ ಸೆಟ್ಟುಗಳ ಹೊತ್ತು ಹೊಂದಿಸುವ ಸಿಂಕ್, ಯಾರು ಕರೆಯುತ್ತಿದ್ದಾರೆ ಎಂಬ ಗುರುತು ಎಲ್ಲವೂ ಸೇರಬೇಕು. ವೇಗ ಹೆಚ್ಚಿಸಿದಷ್ಟೂ ಅದೇ ಬ್ಯಾಟರಿಯ ಶಕ್ತಿ ಹೆಚ್ಚು ಬಿಟ್‌ಗಳಿಗೆ ಹಂಚಿಹೋಗಿ, ಬೆಟ್ಟದ ಆಚೆಗೆ ತಲುಪುವ ದೂರ ಕಡಿಮೆಯಾಗುತ್ತದೆ. ಮೊಬೈಲಿಗೆ ಗುಡ್ಡಕ್ಕೊಂದು ಟವರ್ ಇದೆ, ಇವರ ತೋಟಕ್ಕೆ ಇಲ್ಲ.

ಪಾಠಮನೆ, ಪೊನ್ನಂಪೇಟೆ

ಸಿಗ್ನಲ್ ಪ್ರೊಸೆಸಿಂಗ್ ಪಾಠ ಮಾಡುವವಳಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

64,000ದಿಂದ 2400ಕ್ಕೆ ಇಳಿಯುವಾಗ ಯಂತ್ರವು ಅದೇ ಕೆಲಸವನ್ನು ಸ್ವಲ್ಪ ಒರಟಾಗಿ ಮಾಡುತ್ತದೆ ಎಂದು ಭಾವಿಸಬಾರದು, ಕೆಲಸದ ಸ್ವರೂಪವೇ ಬೇರೆಯಾಗುತ್ತದೆ. ಮೊದಲನೆಯದು ಅಲೆಯ ಆಕಾರವನ್ನು ಕಳಿಸುತ್ತದೆ. ಎರಡನೆಯದು ಮಾತನಾಡುವವನ ಬಾಯಿ ಆ ಕ್ಷಣದಲ್ಲಿ ಹೇಗಿತ್ತು ಎಂಬ ವರದಿಯನ್ನು ಮಾತ್ರ ಕಳಿಸುತ್ತದೆ: ಬಾಯಿಯ ಪೊಳ್ಳು ಯಾವ ಆಕಾರದಲ್ಲಿತ್ತು, ಧ್ವನಿತಂತುಗಳು ಕಂಪಿಸುತ್ತಿದ್ದವೇ, ಕಂಪಿಸುತ್ತಿದ್ದರೆ ಎಷ್ಟು ವೇಗವಾಗಿ, ದನಿ ಎಷ್ಟು ಜೋರಾಗಿತ್ತು. ಆಚೆ ಬದಿಯ ಯಂತ್ರ ಆ ವರದಿಯನ್ನು ಓದಿ ಹೊಸದಾಗಿ ಮಾತನಾಡುತ್ತದೆ. ಆದ್ದರಿಂದ ನಿಮ್ಮ ತಮ್ಮನಿಗೆ ಕೇಳಿಸಿದ್ದು ನಿಮ್ಮ ದನಿಯಲ್ಲ, ನಿಮ್ಮ ದನಿಯ ಬಗ್ಗೆ ಬಂದ ವರದಿಯಿಂದ ಕಟ್ಟಿದ ಇನ್ನೊಂದು ದನಿ.

1984ರಲ್ಲಿ ಅಮೆರಿಕದ ಸರ್ಕಾರಿ ಮಾನಕವಾದ ಎಲ್‌ಪಿಸಿ-10 ಇಂಥ ಯಂತ್ರಗಳಲ್ಲಿ ಹೆಸರಾದದ್ದು. ಅದರಲ್ಲಿ 22.5 ಮಿಲಿಸೆಕೆಂಡಿಗೊಂದು ಫ್ರೇಮ್, ಅಂದರೆ ಮಾತಿನ ತುಣುಕು, ಫ್ರೇಮಿಗೆ 54 ಬಿಟ್, ಒಟ್ಟು ಸೆಕೆಂಡಿಗೆ 2400. ಅದರ ದೊಡ್ಡ ದೌರ್ಬಲ್ಯವೆಂದರೆ ಪ್ರತಿ ಫ್ರೇಮಿನ ಧ್ವನಿಯೂ ಪೂರ್ತಿ ಘೋಷ (ಧ್ವನಿತಂತು ಕಂಪಿಸುವ ಸದ್ದು) ಅಥವಾ ಪೂರ್ತಿ ಅಘೋಷ (ಕಂಪಿಸದ ಸದ್ದು) ಎಂದು ತೀರ್ಮಾನಿಸುತ್ತಿದ್ದುದು. ಆದರೆ ಬಾಯಿ ಹಾಗೆ ಕೆಲಸ ಮಾಡುವುದಿಲ್ಲ. ‘ಜೇನು’ ಎನ್ನುವಾಗಿನ ‘ಜ’ವನ್ನು ಗಮನಿಸಿ: ಕೆಳಗಿನ ಆವೃತ್ತಿಗಳಲ್ಲಿ ಗಂಟಲಿನ ಗುಂಯ್‌ಗುಟ್ಟುವಿಕೆ ಇರುತ್ತದೆ, ಮೇಲಿನ ಆವೃತ್ತಿಗಳಲ್ಲಿ ನಾಲಿಗೆಯ ಉಜ್ಜಾಟವಿರುತ್ತದೆ, ಎರಡೂ ಒಟ್ಟಿಗೆ. ಒಂದನ್ನೇ ಆರಿಸು ಎಂದರೆ ಯಂತ್ರ ಒಂದೋ ದುಂಬಿಯಂತೆ ಗುಂಯ್‌ಗುಟ್ಟುತ್ತದೆ, ಇಲ್ಲವೇ ಪಿಸುಗುಟ್ಟುತ್ತದೆ. ತಪ್ಪಾಗಿ ಆರಿಸಿದ ಫ್ರೇಮುಗಳು ಮಾತಿನ ನಡುವೆ ‘ಟಿಕ್’ ‘ಕೊರ್’ ಎಂದು ಕೇಳಿಸುತ್ತವೆ.

ಗುಣಮಟ್ಟ ಸುಧಾರಿಸಿದ್ದು ಹೆಚ್ಚಾಗಿ ಈ ಒಂದು ಗಂಟನ್ನು ಬಿಡಿಸಿದ್ದರಿಂದ. 1996ರಲ್ಲಿ ಎಲ್‌ಪಿಸಿ-10ರ ಜಾಗಕ್ಕೆ ಆಯ್ಕೆಯಾದ ಮೆಲ್ಪ್ ಎಂಬ ಕೋಡೆಕ್ ಅಷ್ಟೇ 54 ಬಿಟ್‌ಗಳಲ್ಲಿ, ಅಷ್ಟೇ ಉದ್ದದ ಫ್ರೇಮಿನಲ್ಲಿ, ಆವೃತ್ತಿಯನ್ನು ಐದು ಪಟ್ಟಿಗಳಾಗಿ ಸೀಳಿ ಪ್ರತಿ ಪಟ್ಟಿಗೂ ಬೇರೆಬೇರೆಯಾಗಿ ಘೋಷವೆಷ್ಟು ಎಂದು ನಿರ್ಧರಿಸಿತು. ಧ್ವನಿತಂತುಗಳ ಬಡಿತ ಗಡಿಯಾರದಂತೆ ಕರಾರುವಾಕ್ಕಾಗಿ ಬಾರದೆ ಕೊಂಚ ಅತ್ತಿತ್ತ ಆಗುವಂತೆಯೂ ಬಿಟ್ಟಿತು. ಫಲವಾಗಿ 2400ರ ಮೆಲ್ಪ್, ಅದಕ್ಕಿಂತ ಇಮ್ಮಡಿ ಬಿಟ್ ನುಂಗುತ್ತಿದ್ದ 4800ರ ಹಳೆಯ ಮಾನಕಕ್ಕೆ ಸರಿಸಮನಾಗಿ ನಿಂತಿತು. ಬಿಟ್ ಹೆಚ್ಚಿಸದೆ ಗುಣಮಟ್ಟ ಹೆಚ್ಚಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಇನ್ನೊಂದು ದಾರಿಯೂ ಇದೆ, ಅದಕ್ಕೆ ನಮ್ಮ ರಾಜ್ಯದ ನಂಟೂ ಇದೆ. 1950ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ಧ್ವನಿಶಾಸ್ತ್ರ ಕಲಿಸಿ, ಆಮೇಲೆ ಬೆಲ್ ಲ್ಯಾಬ್ಸ್ ಸೇರಿದ ಬಿಷ್ಣು ಅಟಲ್ ಅವರು ಮ್ಯಾನ್‌ಫ್ರೆಡ್ ಶ್ರೋಡರ್ ಜೊತೆಗೂಡಿ 1985ರಲ್ಲಿ ಸೆಲ್ಪ್ ಎಂಬ ವಿಧಾನವನ್ನು ಮಂಡಿಸಿದರು. ಅದರಲ್ಲಿ ಎನ್‌ಕೋಡರೇ (ಮಾತನ್ನು ಬಿಟ್‌ಗಳಾಗಿಸುವ ಭಾಗ) ಡಿಕೋಡರನ್ನು (ಬಿಟ್‌ಗಳನ್ನು ಮಾತಾಗಿಸುವ ಭಾಗ) ತನ್ನೊಳಗೆ ಇಟ್ಟುಕೊಂಡು, ನೂರಾರು ಸಾಧ್ಯತೆಗಳನ್ನು ಒಂದೊಂದಾಗಿ ಮಾತನಾಡಿಸಿ ನೋಡಿ, ಮೂಲಕ್ಕೆ ಕಿವಿಯ ಲೆಕ್ಕದಲ್ಲಿ ತೀರ ಹತ್ತಿರವಾದದ್ದರ ಕ್ರಮಸಂಖ್ಯೆಯನ್ನು ಮಾತ್ರ ಕಳಿಸುತ್ತದೆ. ಆಗ ಒಂದು ಸೆಕೆಂಡಿನ ಮಾತಿಗೆ ಕ್ರೇ-1 ಸೂಪರ್‌ಕಂಪ್ಯೂಟರಿನಲ್ಲಿ 125 ಸೆಕೆಂಡು ಬೇಕಾಗಿತ್ತು. ಇಂದು ನಿಮ್ಮ ಜೇಬಿನ ಮೊಬೈಲು ಅದರ ಮೊಮ್ಮಕ್ಕಳನ್ನೇ ಬಳಸುತ್ತಿದೆ. ಆದರೆ ಸೆಕೆಂಡಿಗೆ ಸುಮಾರು 4000 ಬಿಟ್‌ಗಿಂತ ಕೆಳಗಿಳಿದರೆ ಸೆಲ್ಪ್ ಸೊರಗುತ್ತದೆ, ಅಲೆಯನ್ನು ಹೋಲಿಸಿ ಹೊಂದಿಸುವಷ್ಟು ಬಿಟ್ ಅದರ ಕೈಯಲ್ಲಿ ಉಳಿಯುವುದಿಲ್ಲ. ಅದಕ್ಕೇ ವಾಕಿಟಾಕಿಯ ಲೋಕದಲ್ಲಿ ‘ವರದಿ’ಯ ಬಗೆಯ ಕೋಡೆಕ್‌ಗಳೇ ಉಳಿದುಕೊಂಡಿವೆ.

ಕಣದಮೂಲೆ, ನಾಪೋಕ್ಲು

ಮೇಡಂ, ವರದಿ ಎಂಬ ಮಾತಿನಿಂದ ತಿಳಿಯಾಯಿತು. ನಮ್ಮ ತೋಟದ ರೈಟರೂ ಹಾಗೆಯೇ, ನಾನು ಹೇಳಿದ್ದನ್ನು ಬಿಟ್ಟು ತನಗೆ ಅರ್ಥವಾದದ್ದನ್ನು ಬರೆದುಕೊಳ್ಳುತ್ತಾರೆ! ಆದರೆ ನನ್ನ ಪ್ರಶ್ನೆ ಉಳಿದೇ ಇದೆ. ಗುಂಯ್‌ಗುಟ್ಟುವುದನ್ನು ಸಹಿಸಿಕೊಳ್ಳಬಹುದು. ‘ಳ’ ಏಕೆ ‘ಲ’ ಆಗಬೇಕು?

ಮಂಜಿನಹಾದಿ, ಸೋಮವಾರಪೇಟೆ

ಇದಕ್ಕೆ ಉತ್ತರ ಕನ್ನಡದಲ್ಲಿಯೇ ಇದೆ. ‘ಳ’, ‘ಣ’, ‘ಟ’, ‘ಡ’ ಇವನ್ನು ನಾವು ಮೂರ್ಧನ್ಯ ಎನ್ನುತ್ತೇವೆ, ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟುತ್ತದೆ. ಹಾಗೆ ಮಡಚಿದಾಗ ಬಾಯಿಯೊಳಗಿನ ಅನುರಣನಗಳಲ್ಲಿ ಮೂರನೆಯದು, ಅಂದರೆ ಮೂರನೇ ಫಾರ್ಮಂಟ್, ಕೆಳಗಿಳಿಯುತ್ತದೆ. ‘ಬೆಲೆ’ಗೂ ‘ಬೆಳೆ’ಗೂ ನಡುವೆ ಕಿವಿಗೆ ಸಿಗುವ ಮುಖ್ಯ ಸುಳಿವು ಈ ಇಳಿತ. ಅದೂ ಎರಡು ಸ್ವರಗಳ ನಡುವೆ ನಾಲಿಗೆ ಹೋಗಿ ಬರುವಷ್ಟು ಅಲ್ಪಕಾಲದ ಇಳಿತ.

ಕಡಿಮೆ ಬಿಟ್‌ನ ಕೋಡೆಕ್ ಮೊದಲೆರಡು ಫಾರ್ಮಂಟ್‌ಗಳನ್ನು ಜೋಪಾನವಾಗಿ ಕಾಯುತ್ತದೆ, ಸ್ವರಗಳು ನಿಂತಿರುವುದು ಅವುಗಳ ಮೇಲೆ. ಮೂರನೆಯದರ ಹೊತ್ತಿಗೆ ಬಿಟ್ ಮುಗಿಯುತ್ತಾ ಬಂದಿರುತ್ತದೆ, ಅಲ್ಲಿ ಶಕ್ತಿಯೂ ಕಡಿಮೆ, ಮಳೆಯ ಸದ್ದು ಮೊದಲು ಮುಚ್ಚಿಹಾಕುವುದೂ ಅದನ್ನೇ. ಆದ್ದರಿಂದ ಹ್ರಸ್ವ-ದೀರ್ಘದ ವ್ಯತ್ಯಾಸ, ಒತ್ತಕ್ಷರದ ವ್ಯತ್ಯಾಸ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ಅವು ಕಾಲಾವಧಿಯ ವಿಷಯ. ‘ಮನೆ-ಮಣೆ’, ‘ಬಲೆ-ಬಳೆ’, ‘ಹತ್ತಿ-ಹಟ್ಟಿ’, ‘ಹುಲಿ-ಹುಳಿ’ ಇಂಥ ಜೋಡಿಗಳು ಕಲಸಿಹೋಗುತ್ತವೆ.

ಇಲ್ಲಿ ನನ್ನದೊಂದು ಆಕ್ಷೇಪವೂ ಇದೆ. ಇಂಥ ಕೋಡೆಕ್‌ಗಳ ಸ್ಪಷ್ಟತೆಯನ್ನು ಅಳೆಯಲು ಬಹುಕಾಲ ಬಳಸಿರುವ ಪ್ರಾಸಪರೀಕ್ಷೆಯಲ್ಲಿ 96 ಜೋಡಿ ಇಂಗ್ಲಿಷ್ ಪದಗಳಿವೆ. ಘೋಷ, ಅನುನಾಸಿಕ, ಊಷ್ಮ ಮುಂತಾದ ಆರು ಗುಣಗಳನ್ನು ಅದು ಪರೀಕ್ಷಿಸುತ್ತದೆ. ದಂತ್ಯ-ಮೂರ್ಧನ್ಯ ಎಂಬ ಭೇದ ಇಂಗ್ಲಿಷಿಗೆ ಬೇಕಿಲ್ಲವಾದ್ದರಿಂದ ಆ ಆರರಲ್ಲಿ ಅದು ಇಲ್ಲವೇ ಇಲ್ಲ. ಆ ಪರೀಕ್ಷೆಯಲ್ಲಿ ಎಷ್ಟೇ ಒಳ್ಳೆಯ ಅಂಕ ಪಡೆದ ಕೋಡೆಕ್ ಆದರೂ ನಮ್ಮ ‘ಳ’ದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೊಡವ ತಕ್ಕ್‌ನ ಮಾತು ಇನ್ನೂ ಮುಂದಿನದು. ಕನ್ನಡದಲ್ಲಿಲ್ಲದ ನಡುನಾಲಿಗೆಯ ಸ್ವರಗಳು ಅದರಲ್ಲಿವೆ, ಮನೆಯಲ್ಲಿ ಕೊಡವ ತಕ್ಕ್ ಆಡುವವರು ಸೆಟ್ಟಿನಲ್ಲಿಯೂ ಅದನ್ನೇ ಆಡುತ್ತಾರೆ. ಯಾರಾದರೂ ಆ ಸ್ವರಗಳ ಮೇಲೆ ಈ ಕೋಡೆಕ್‌ಗಳನ್ನು ಓಡಿಸಿ ನೋಡಬೇಕು.

ಬೇತ್ರಿ ಏರಿಯಲ್, ವಿರಾಜಪೇಟೆ

ಮೇಷ್ಟರೇ, ನಿಮ್ಮ ಮಾತಿಗೆ ಬಿಟ್ ಲೆಕ್ಕವನ್ನು ನಾನು ಸೇರಿಸುತ್ತೇನೆ. ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಪರವಾನಗಿ ಇರುವವನು. ವಾಕಿಟಾಕಿಯೊಳಗಿನ ಕೋಡೆಕ್ ಮುಚ್ಚಿದ ಪೆಟ್ಟಿಗೆ, ಅದರ ಒಳಗೆ ಕೈಹಾಕುವಂತಿಲ್ಲ. ಆದರೆ ಆಸ್ಟ್ರೇಲಿಯಾದ ಡೇವಿಡ್ ರೋ ಅವರು ಬರೆದು ಎಲ್ಲರಿಗೂ ತೆರೆದಿಟ್ಟ ಕೋಡೆಕ್2 ಇದೆ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಅದರ 1300ರ ಮೋಡಿನಲ್ಲಿ 40 ಮಿಲಿಸೆಕೆಂಡಿಗೆ 52 ಬಿಟ್. ಅದರಲ್ಲಿ ಬಾಯಿಯ ಆಕಾರಕ್ಕೆ 36, ಸ್ಥಾಯಿಗೆ 7, ಜೋರಿಗೆ 5, ಘೋಷಕ್ಕೆ 4. ನೀವು ‘ಬೆಳೆ’ ಎನ್ನಲು ಹೆಚ್ಚುಕಡಿಮೆ 400 ಮಿಲಿಸೆಕೆಂಡು ತೆಗೆದುಕೊಂಡರೆ ಇಡೀ ಪದ ಹತ್ತು ಫ್ರೇಮಿನಲ್ಲಿ, 65 ಬೈಟಿನಲ್ಲಿ ಮುಗಿಯಿತು. ಅದೇ ಪದವನ್ನು ಮೊಬೈಲಿನಲ್ಲಿ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಬರೆದು ಕಳಿಸಿದರೆ 12 ಬೈಟು. ಬರೆದ ಪದಕ್ಕೂ ಆಡಿದ ಪದಕ್ಕೂ ಐದಾರು ಪಟ್ಟಿನ ಅಂತರ ಮಾತ್ರ ಉಳಿದಿದೆ ಎಂದರೆ ಹಿಂಡಿದ್ದು ಎಷ್ಟು ಎಂದು ಊಹಿಸಿ.

700ಸಿ ಮೋಡು ಇನ್ನೂ ಬಿಗಿ: 40 ಮಿಲಿಸೆಕೆಂಡಿಗೆ 28 ಬಿಟ್. ಬಾಯಿಯ ಆಕಾರವನ್ನು ಅಳೆಯುವುದನ್ನೇ ಬಿಟ್ಟು, ಮೊದಲೇ ತಯಾರಿಸಿಟ್ಟ 512 ಮಾದರಿಗಳ ಎರಡು ಪಟ್ಟಿಗಳಿಂದ ಒಂದೊಂದನ್ನು ಆರಿಸಿ ಕೂಡಿಸುತ್ತದೆ, ಒಂದೊಂದು ಆಯ್ಕೆಗೆ 9 ಬಿಟ್, ಎರಡಕ್ಕೆ 18. ಆ ಮಾದರಿಗಳನ್ನು ಯಾರ ದನಿಯಿಂದ, ಯಾವ ಮೈಕಿನಿಂದ ತಯಾರಿಸಿದರು ಎಂಬುದು ಇಲ್ಲಿ ಬಹಳ ಮುಖ್ಯವಾಗುತ್ತದೆ. ಕೆಳಸ್ವರ ಹೆಚ್ಚಿರುವ ಮೈಕಿನಲ್ಲಿ ಮಾತನಾಡಿದರೆ ಇರುವ 18 ಬಿಟ್‌ನಲ್ಲಿ ಬಹುಪಾಲು ಆ ಗುಡುಗನ್ನು ವರ್ಣಿಸುವುದಕ್ಕೇ ಹೋಗುತ್ತದೆ. ಮೈಕಿನ ಕೆಳಗಿನ ಆವೃತ್ತಿಗಳನ್ನು ಈಕ್ವಲೈಸರಿನಲ್ಲಿ ತಗ್ಗಿಸಿದರೆ ಅದೇ ಕೋಡೆಕ್, ಅದೇ ಬಿಟ್, ಮಾತು ಮಾತ್ರ ಬೇರೆಯಾಗಿ ಕೇಳಿಸುತ್ತದೆ. ನಾನು ಮನೆಯಲ್ಲಿ ಮಾಡಿ ನೋಡಿದ್ದೇನೆ, ಕಾಸು ಖರ್ಚಿಲ್ಲದ ಸುಧಾರಣೆ ಇದು.

ಕಣದಮೂಲೆಯವರಿಗೆ ಒಂದು ಮಾತು. ಕೋಡೆಕ್ಕನ್ನು ದೂರುವ ಮೊದಲು, ಮಳೆಯಿಲ್ಲದ ಹೊತ್ತಿನಲ್ಲಿ ಒಂದು ಸೆಟ್ಟನ್ನು ಜಗಲಿಯಲ್ಲಿ, ಇನ್ನೊಂದನ್ನು ಅಡುಗೆಮನೆಯಲ್ಲಿ ಇಟ್ಟು ಇದೇ ಪದಗಳನ್ನು ಹೇಳಿ. ಆಗಲೂ ‘ಬೆಲೆ’ ಎಂದೇ ಕೇಳಿಸಿದರೆ ಕೋಡೆಕ್ ಕಾರಣ. ಆಗ ಸರಿಯಾಗಿದ್ದು ಮೇಲಿನ ತೋಟದ ಕಣಿವೆಯಲ್ಲಿ ಮಾತ್ರ ಕೆಟ್ಟರೆ, ದಾರಿಯಲ್ಲಿ ಬಿಟ್‌ಗಳು ಕೆಡುತ್ತಿವೆ. ಅನಲಾಗಿನಲ್ಲಿ ಸಿಗ್ನಲ್ ಸೊರಗಿದಂತೆ ಸುಯ್ ಸದ್ದು ಏರುತ್ತಾ ಬಂದು ಎಚ್ಚರಿಸುತ್ತಿತ್ತು. ಡಿಜಿಟಲ್ ಅಂಚಿನವರೆಗೂ ಸುಮ್ಮನಿದ್ದು, ಅಂಚಿನಲ್ಲಿ ಹಿಂದಿನ ಫ್ರೇಮನ್ನೇ ಮತ್ತೆ ಹೇಳುತ್ತದೆ ಅಥವಾ ಗೊಳಗೊಳ ಎನ್ನುತ್ತದೆ. ಜನ ಅದನ್ನೂ ‘ದನಿ ಚೆನ್ನಾಗಿಲ್ಲ’ ಎಂದೇ ಕರೆಯುತ್ತಾರೆ. ಅದಕ್ಕೆ ಮದ್ದು ಆಂಟೆನಾದಲ್ಲಿದೆ, ಕೋಡೆಕ್‌ನಲ್ಲಿಲ್ಲ.

ಪಾಠಮನೆ, ಪೊನ್ನಂಪೇಟೆ

ಬೇತ್ರಿಯವರ ಪರೀಕ್ಷೆಗೆ ಮೂರನೆಯ ಹಂತವೊಂದನ್ನು ಸೇರಿಸಿ: ಅದೇ ಜಗಲಿ, ಅದೇ ಅಡುಗೆಮನೆ, ಆದರೆ ಮಳೆ ಸುರಿಯುವಾಗ. ನನ್ನ ಅನುಮಾನವೆಲ್ಲ ಆ ಜಿಂಕ್ ಶೀಟಿನ ಮೇಲಿದೆ. ಅಲೆಯ ಆಕಾರವನ್ನೇ ಕಳಿಸುವ ಯಂತ್ರಕ್ಕೆ ಮಳೆಯ ಸದ್ದು ಬಂದರೆ ಅದು ಮಾತಿನ ಜೊತೆ ಮಳೆಯನ್ನೂ ಕಳಿಸುತ್ತದೆ, ಕೇಳುವವರ ಮಿದುಳು ಎರಡನ್ನೂ ಬೇರ್ಪಡಿಸಿಕೊಳ್ಳುತ್ತದೆ. ವರದಿ ಬರೆಯುವ ಯಂತ್ರಕ್ಕೆ ಒಂದೇ ಬಾಯಿಯ ಕಲ್ಪನೆ ಇದೆ. ಮಳೆಯನ್ನೂ ಅದು ಬಾಯಿಯ ಸದ್ದೆಂದೇ ತಿಳಿದು, ಘೋಷವನ್ನು ಅಘೋಷವೆಂದು, ಸ್ಥಾಯಿಯನ್ನು ಇಮ್ಮಡಿಯೆಂದು ಅಥವಾ ಅರ್ಧವೆಂದು ಬರೆದುಬಿಡುತ್ತದೆ. ಆಚೆ ಬದಿಯಲ್ಲಿ ಅದನ್ನು ತಿದ್ದಲು ದಾರಿಯಿಲ್ಲ. ಮೆಲ್ಪ್‌ನ ನಂತರದ ರೂಪದಲ್ಲಿ ಎನ್‌ಕೋಡರಿನ ಮುಂದೆಯೇ ಸದ್ದು ತೆಗೆಯುವ ಹಂತವನ್ನು ಕೂಡಿಸಿದ್ದು ಇದಕ್ಕಾಗಿಯೇ.

ಅದಕ್ಕಿಂತ ಅಗ್ಗದ ಉಪಾಯ ಮೈಕಿನ ದೂರ. ಬಾಯಿಯಿಂದ 30 ಸೆಂಟಿಮೀಟರ್ ದೂರದಲ್ಲಿರುವ ಮೈಕನ್ನು 5 ಸೆಂಟಿಮೀಟರಿಗೆ ತಂದರೆ, ಮಳೆಯ ಸದ್ದು ಇದ್ದಷ್ಟೇ ಇದ್ದು, ಮಾತು ಸುಮಾರು 15 ಡೆಸಿಬೆಲ್ ಮೇಲೇರುತ್ತದೆ. ಯಾವ ಹೊಸ ಕೋಡೆಕ್ಕೂ ಇಷ್ಟು ದೊಡ್ಡ ಉಡುಗೊರೆ ಕೊಡುವುದಿಲ್ಲ. ನೇರವಾಗಿ ಊದಬೇಡಿ, ಕೆನ್ನೆಯ ಕಡೆಗೆ ಓರೆಯಾಗಿ ಹಿಡಿಯಿರಿ. ಕೂಗಲೂಬೇಡಿ, ಕೂಗಿದರೆ ಮೈಕಿನಲ್ಲೇ ಅಲೆಯ ತಲೆ ಕತ್ತರಿಸಿಹೋಗುತ್ತದೆ.

ತಿತಿಮತಿ ಹುಡುಗ

ನಾನು ಓದಿದ ಪ್ರಕಾರ ಈಗ ನ್ಯೂರಲ್ ನೆಟ್‌ವರ್ಕ್ ಕೋಡೆಕ್‌ಗಳು ಬಂದಿವೆ. 2019ರ ಎಲ್‌ಪಿಸಿನೆಟ್ 1600 ಬಿಟ್‌ನಲ್ಲಿ, 2021ರಲ್ಲಿ ಗೂಗಲ್ ಹೊರತಂದ ಲೈರಾ 3000 ಬಿಟ್‌ನಲ್ಲಿ ಸಹಜವಾದ ದನಿಯನ್ನೇ ಕೊಡುತ್ತವೆ. 2018ರಲ್ಲಿಯೇ ಕೋಡೆಕ್2ರ 2400 ಬಿಟ್‌ಗಳನ್ನು ಬದಲಿಸದೆ, ಡಿಕೋಡರನ್ನು ಮಾತ್ರ ವೇವ್‌ನೆಟ್ ಎಂಬ ನ್ಯೂರಲ್ ನೆಟ್‌ವರ್ಕಿಗೆ ಬದಲಿಸಿ ದನಿಯನ್ನು ಎಷ್ಟೋ ಪಾಲು ಸುಧಾರಿಸಿ ತೋರಿಸಿದ್ದರು. ಅಂದರೆ ಬಿಟ್‌ಗಳಲ್ಲಿ ಮಾಹಿತಿ ಇತ್ತು, ಹಳೆಯ ಡಿಕೋಡರಿಗೆ ಮಾತನಾಡಲು ಬರುತ್ತಿರಲಿಲ್ಲ, ಅಷ್ಟೆ. ಹಾಗಿರುವಾಗ ಮೈಕು, ಮಳೆ ಎಂದು ಏಕೆ ಒದ್ದಾಡಬೇಕು? ಎಲ್ಲವನ್ನೂ ನ್ಯೂರಲ್ ಮಾಡಿಬಿಡಬಹುದಲ್ಲವೇ?

ಮಂಜಿನಹಾದಿ, ಸೋಮವಾರಪೇಟೆ

ನನಗೆ ಇಲ್ಲಿಯೇ ಹೆದರಿಕೆ. ಹಳೆಯ ಯಂತ್ರಕ್ಕೆ ‘ಳ’ ತಿಳಿಯದಿದ್ದರೆ ಅದು ಗೊಗ್ಗರು ದನಿಯಲ್ಲಿ ಏನೋ ಒಂದನ್ನು ಗೊಣಗುತ್ತದೆ, ಕೇಳಿದವನು ‘ಏನು? ಮತ್ತೊಮ್ಮೆ ಹೇಳು’ ಎನ್ನುತ್ತಾನೆ. ಬೇರೆ ಭಾಷೆಗಳ ಮಾತನ್ನೇ ಹೆಚ್ಚಾಗಿ ಕೇಳಿ ಕಲಿತ ನ್ಯೂರಲ್ ಯಂತ್ರಕ್ಕೆ ‘ಳ’ ತಿಳಿಯದಿದ್ದರೆ ಅದು ಅಚ್ಚುಕಟ್ಟಾದ, ಸಂದೇಹಕ್ಕೆ ಎಡೆಯಿಲ್ಲದ ‘ಲ’ವನ್ನು ಹೇಳಿಬಿಡಬಹುದು. ಕೇಳಿದವನಿಗೆ ಮತ್ತೆ ಕೇಳಬೇಕೆಂದು ತೋಚುವುದೇ ಇಲ್ಲ. ತಪ್ಪನ್ನು ಸ್ಪಷ್ಟವಾಗಿ ಹೇಳುವ ದನಿಗಿಂತ, ತನಗೆ ತಿಳಿಯಲಿಲ್ಲ ಎಂಬುದನ್ನು ಬಿಟ್ಟುಕೊಡುವ ಒರಟು ದನಿಯೇ ಆನೆಯ ಸುದ್ದಿಗೆ ಲೇಸು ಎಂದು ನನ್ನ ಅಭಿಪ್ರಾಯ.

ಪಾಠಮನೆ, ಪೊನ್ನಂಪೇಟೆ

ಮೇಷ್ಟರ ಹೆದರಿಕೆ ನ್ಯಾಯವಾದದ್ದು, ಆದರೆ ಪೂರ್ತಿ ಒಪ್ಪಲಾರೆ. ಅದು ತರಬೇತಿಯ ದೋಷವೇ ಹೊರತು ವಿಧಾನದ ದೋಷವಲ್ಲ. ಕನ್ನಡದ ಮಾತನ್ನು ಸಾಕಷ್ಟು ಕೇಳಿಸಿ ಕಲಿಸಿದರೆ ‘ಳ’ವನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವುದೂ ಅದೇ ಯಂತ್ರವೇ. 700ಸಿಯ 512 ಮಾದರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಅಲ್ಲಿ ನ್ಯೂರಲ್ ಏನೂ ಇಲ್ಲದಿದ್ದರೂ.

ಇದಲ್ಲದೆ, ವಾಕಿಟಾಕಿಯಲ್ಲಿ ಬಳಸದೆ ಉಳಿದಿರುವ ಒಂದು ಸಂಪತ್ತು ಇದೆ: ವಿಳಂಬ. ಫೋನಿನಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಮಾತನಾಡುವುದರಿಂದ ವಿಳಂಬ ಸಹಿಸಲಾಗದು. ಗುಂಡಿ ಒತ್ತಿ ಮಾತನಾಡುವ ಸೆಟ್ಟಿನಲ್ಲಿ ಅರ್ಧ ಸೆಕೆಂಡು ತಡವಾದರೂ ಯಾರಿಗೂ ತಿಳಿಯುವುದಿಲ್ಲ. ತಡಮಾಡಲು ಅವಕಾಶವಿದ್ದರೆ ಹಲವು ಫ್ರೇಮುಗಳನ್ನು ಒಟ್ಟಿಗೆ ನೋಡಿ, ಅವುಗಳಲ್ಲಿ ಬದಲಾಗದ್ದನ್ನು ಒಮ್ಮೆ ಮಾತ್ರ ಬರೆದು, ಉಳಿದ ಬಿಟ್‌ಗಳನ್ನು ಬದಲಾಗುವ ಜಾಗಕ್ಕೆ, ಅಂದರೆ ನಿಮ್ಮ ‘ಳ’ದ ಜಾಗಕ್ಕೆ ಕೊಡಬಹುದು. ಮೆಲ್ಪ್‌ನ 1200ರ ರೂಪ ಮೂರು ಫ್ರೇಮುಗಳನ್ನು, 600ರ ರೂಪ ನಾಲ್ಕನ್ನು ಕಟ್ಟಿ ಕಳಿಸುವುದು ಈ ನೆಲೆಯಲ್ಲಿಯೇ. ಅಲ್ಲಿ ಅದನ್ನು ಬಿಟ್ ಇಳಿಸಲು ಬಳಸಿದ್ದಾರೆ. ನಾವು ಅದೇ ಉಪಾಯದಿಂದ ಬಿಟ್ ಇಳಿಸದೆ ಗುಣಮಟ್ಟ ಏರಿಸಬಹುದು.

ಬೇತ್ರಿ ಏರಿಯಲ್, ವಿರಾಜಪೇಟೆ

ವಿಳಂಬದ ಮಾತು ಬಂದದ್ದರಿಂದ ನನ್ನ ಒಂದು ಪ್ರಯೋಗವನ್ನು ಹೇಳುತ್ತೇನೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿ, ಶಕ್ತಿಯ ಮಿತಿಯೊಳಗೆ, ಪರವಾನಗಿ ಇಲ್ಲದೆ ಬಳಸಲು ತೆರೆದಿದೆ. ಅಲ್ಲಿ ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ, ನಿಧಾನವಾಗಿ ಬಿಟ್ ಕಳಿಸುವ ರೇಡಿಯೋ ಪದ್ಧತಿ) ಮಾಡ್ಯೂಲುಗಳಿಂದ ಕೋಡೆಕ್2ರ ದನಿಯನ್ನು ಕಳಿಸಲು ನೋಡುತ್ತಿದ್ದೇನೆ. 125 ಕಿಲೋಹರ್ಟ್ಸ್ ಅಗಲದಲ್ಲಿ ಅತಿ ದೂರ ಹೋಗುವ ಎಸ್‌ಎಫ್12ರಲ್ಲಿ (ಎಸ್‌ಎಫ್ ಎಂಬುದು ಲೋರಾದ ವೇಗದ ಮೆಟ್ಟಿಲು, ಅಂಕಿ ಇಳಿದಂತೆ ವೇಗ ಹೆಚ್ಚು, ದೂರ ಕಡಿಮೆ) ಸಿಗುವುದು ಸೆಕೆಂಡಿಗೆ ಸುಮಾರು 290 ಬಿಟ್, ಅಲ್ಲಿ ಯಾವ ಮೋಡೂ ಹಿಡಿಸುವುದಿಲ್ಲ. ಎಸ್‌ಎಫ್9ರಲ್ಲಿ ಸುಮಾರು 1750 ಬಿಟ್, 700ಸಿ ಆರಾಮವಾಗಿ ಕೂರುತ್ತದೆ. 1300 ಬೇಕೆಂದರೆ, ಪ್ಯಾಕೆಟಿನ ತಲೆಬರಹ, ಬಿಡುವುಗಳಿಗೂ ಜಾಗ ಬಿಡಬೇಕಾದ್ದರಿಂದ, ಎಸ್‌ಎಫ್8 ಲೇಸು. ಒಂದೊಂದು ಮೆಟ್ಟಿಲು ಇಳಿದಾಗಲೂ ಸುಮಾರು 2.5 ಡೆಸಿಬೆಲ್ ಕಳೆದುಕೊಳ್ಳುತ್ತೇವೆ. ಹೀಗಾಗಿ 700ಸಿಯ ದನಿ ಸುಧಾರಿಸಿದರೆ ಅದರ ಲಾಭ ಕಿವಿಗೆ ಮಾತ್ರವಲ್ಲ, ಒಂದು ಗುಡ್ಡದಷ್ಟು ದೂರವೂ ಸಿಗುತ್ತದೆ. ನನಗೆ ಈ ಕೆಲಸದಲ್ಲಿ ಆಸಕ್ತಿ ಹುಟ್ಟಿದ್ದೇ ಇದರಿಂದ.

ಕಣದಮೂಲೆ, ನಾಪೋಕ್ಲು

ಎಲ್ಲರ ಮಾತನ್ನೂ ಪಾಲಿಸಿ ವರದಿ ಒಪ್ಪಿಸುತ್ತಿದ್ದೇನೆ, ಮೇಡಂ ಹೇಳಿದ ಅರ್ಥದ ವರದಿ ಅಲ್ಲ.

ಮಳೆ ಬಿಟ್ಟ ಬೆಳಿಗ್ಗೆ ಜಗಲಿ-ಅಡುಗೆಮನೆಯ ಪರೀಕ್ಷೆ ಮಾಡಿದೆವು. ತಮ್ಮ ಅಡುಗೆಮನೆಯಲ್ಲಿ ಕುಳಿತು, ಕೇಳಿದ್ದನ್ನು ಗೋಣಿಚೀಲದ ಲೇಬಲ್ಲಿನ ಹಿಂದೆ ಬರೆಯುತ್ತಾ ಹೋದ. ‘ಮನೆ-ಮಣೆ’, ‘ಬೆಲೆ-ಬೆಳೆ’ ಸರಿಯಾಗಿಯೇ ಬಂದವು. ‘ಹುಲಿ-ಹುಳಿ’ಯಲ್ಲಿ ಒಮ್ಮೆ ತಡವರಿಸಿದ. ಸಂಜೆ ಮಳೆ ಹಿಡಿದಾಗ ಸ್ಟೋರಿನ ಶೀಟಿನ ಕೆಳಗಿನಿಂದ ಅದೇ ಪದಗಳನ್ನು ಹೇಳಿದೆ. ಲೇಬಲ್ಲಿನ ತುಂಬ ‘ಬೆಲೆ’, ‘ಬಲೆ’, ‘ಹುಲಿ’. ‘ಳ’ ಎಂಬ ಅಕ್ಷರವನ್ನೇ ಅವನು ಬರೆದಿರಲಿಲ್ಲ.

ಆಮೇಲೆ ಗಮನಿಸಿದೆ: ಸೆಟ್ಟಿನ ಪರದೆ ಕಾಣಲೆಂದು ನಾನು ಅದನ್ನು ಎದೆಯ ಮಟ್ಟದಲ್ಲಿ ಹಿಡಿದು ಮಾತನಾಡುತ್ತಿದ್ದೆ. ಬಾಯಿಯ ಹತ್ತಿರ ಓರೆಯಾಗಿ ತಂದು, ಹಳೆಯ ಹೆಡ್‌ಫೋನಿನ ಸ್ಪಂಜಿನ ತುಂಡನ್ನು ಮೈಕಿನ ಮೇಲೆ ಕಟ್ಟಿ ಮತ್ತೆ ಹೇಳಿದೆ. ‘ಬೆಳೆ’ ಬಂತು. ಮೆನುವಿನಲ್ಲಿದ್ದ ‘ನಾಯ್ಸ್ ಸಪ್ರೆಶನ್’ ಅನ್ನೂ ಹಾಕಿ ನೋಡಿದೆ. ಮಳೆಯ ಸದ್ದು ಪೂರ್ತಿ ಹೋಯಿತು, ಜೊತೆಗೆ ‘ಸ’, ‘ಶ’ಗಳೂ ಹೋದವು, ‘ಸೋಮವಾರ’ ‘ಓಮವಾರ’ವಾಯಿತು. ಈಗ ಅದನ್ನು ಕಡಿಮೆ ಮಟ್ಟದಲ್ಲಿಟ್ಟಿದ್ದೇನೆ. ಕೆಳಗಿನ ಕಣಿವೆಯ ಲೈನ್ ಮನೆಗಳ ಹತ್ತಿರ ಮಾತ್ರ ಮೊದಲಿನಂತೆಯೇ ಗೊಳಗೊಳ. ಅದು ಬೇತ್ರಿಯವರು ಹೇಳಿದ ಆಂಟೆನಾದ ಪ್ರಶ್ನೆ ಎಂದು ತೋರುತ್ತದೆ. ಸಿಗ್ನಲ್ಲನ್ನು ಹಿಡಿದು ಮತ್ತೆ ಕಳಿಸುವ ರಿಪೀಟರಿನ ಆಂಟೆನಾವನ್ನು ಸಿಲ್ವರ್ ಓಕ್ ಮರಗಳ ಎತ್ತರ ಮೀರುವಂತೆ ಏರಿಸಬೇಕು, ಮಳೆಗಾಲ ಕಳೆಯಲಿ.

ಮಂಜಿನಹಾದಿ, ಸೋಮವಾರಪೇಟೆ

ಆ ಲೇಬಲ್ಲನ್ನು ಎಸೆಯಬೇಡಿ. ಅದೇ ನಮ್ಮ ಪರೀಕ್ಷೆಯ ಮೊದಲ ಹಾಳೆ. ನಾನು ದಂತ್ಯ-ಮೂರ್ಧನ್ಯ ಜೋಡಿಗಳ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ, ಕೇಳುವವರು ಸಂದರ್ಭದಿಂದ ಊಹಿಸಲಾಗದಂತೆ ಎಲ್ಲ ಪದಗಳನ್ನೂ ‘ಈಗ ... ಎಂದು ಬರೆಯಿರಿ’ ಎಂಬ ಒಂದೇ ವಾಕ್ಯದಲ್ಲಿ ಇಡುತ್ತೇನೆ. ಕೊಡವ ತಕ್ಕ್‌ನ ಸ್ವರಗಳ ಪಟ್ಟಿಗೆ ಆ ಭಾಷೆಯನ್ನು ಮನೆಮಾತಾಗಿ ಉಳ್ಳವರು ನೆರವಾಗಬೇಕು, ನನ್ನ ಕಿವಿಯನ್ನು ನಾನೇ ನಂಬುವುದಿಲ್ಲ.

ಬೇತ್ರಿ ಏರಿಯಲ್, ವಿರಾಜಪೇಟೆ

ಪಟ್ಟಿ ಬಂದರೆ ಕೋಡೆಕ್2ರ 3200, 1300, 700ಸಿ ಮೂರರಲ್ಲಿಯೂ ಓಡಿಸಿ ಕೊಡುತ್ತೇನೆ. ದಯವಿಟ್ಟು ಧ್ವನಿಮುದ್ರಣವನ್ನು ವಾಟ್ಸಾಪ್ ವಾಯ್ಸ್ ಮೆಸೇಜಾಗಿ ಕಳಿಸಬೇಡಿ. ಅದು ಮೊದಲೇ ಒಂದು ಕೋಡೆಕ್ಕಿನಲ್ಲಿ ಹಿಂಡಿಸಿಕೊಂಡು ಬಂದಿರುತ್ತದೆ, ಅದರ ಮೇಲೆ ಇನ್ನೊಂದನ್ನು ಓಡಿಸಿದರೆ ಯಾವುದರ ತಪ್ಪು ಯಾವುದಕ್ಕೆ ಎಂದು ಹೇಳಲಾಗದು. ಮೊಬೈಲಿನ ರೆಕಾರ್ಡರಿನಲ್ಲಿ ವೇವ್ ಫೈಲಾಗಿ ಉಳಿಸಿ, ಮೇಲ್‌ನಲ್ಲಿ ಲಗತ್ತಿಸಿ. ಒಂದು ಮುದ್ರಣ ಒಳಕೋಣೆಯಲ್ಲಿ, ಇನ್ನೊಂದು ಆ ಜಿಂಕ್ ಶೀಟಿನ ಕೆಳಗೆ, ಮಳೆ ನಿಲ್ಲುವ ಮೊದಲು.

ಕಣದಮೂಲೆ, ನಾಪೋಕ್ಲು

ಮಳೆಯ ಬಗ್ಗೆ ಚಿಂತೆ ಬೇಡ, ಇಲ್ಲಿ ಧಾರಾಳವಾಗಿದೆ. ನಾಳೆ ಸಂಜೆಯೊಳಗೆ ಎರಡನ್ನೂ ಕಳಿಸುತ್ತೇನೆ.